ಮಗಳ ಬಾಯಿಂದ ಹೊರಟ ‘ಹೌದು’

ಕಾದಂಬರಿ ಓದುವುದು ಕಾಲಹರಣ, ಅದರಿಂದ ಹೆಣ್ಣುಮಕ್ಕಳ ತಲೆ ಕೆಡುತ್ತದೆ ಎಂಬ ಮಾತು ಒಂದು ಕಾಲದಲ್ಲಿ ನಮ್ಮ ಹಿರಿಯರಲ್ಲಿ ಸಾಮಾನ್ಯವಾಗಿತ್ತು. ಆ ಮಾತಿಗೆ ಕಾರಣ ಇಲ್ಲದಿರಲಿಲ್ಲ. ಯಾವ ಭಾಷೆಯ ಕಥಾಸಾಹಿತ್ಯವನ್ನು ತೆಗೆದುಕೊಂಡರೂ ಅಲ್ಲಿ ನಾಯಕಿಯ ಸುಖಕ್ಕೆ ಅಡ್ಡವಾಗಿ ನಿಂತವರು ಎಷ್ಟೋ ಸಲ ಪರರಲ್ಲ, ಹೆತ್ತವರೇ. ಕಳ್ಳನಲ್ಲ, ರಾಕ್ಷಸನಲ್ಲ, ಅನ್ನ ಹಾಕಿದ ತಂದೆ, ಹಾಲೂಡಿಸಿದ ತಾಯಿ. ಇಂತಹ ಕತೆಗಳನ್ನು ಓದಿದ ಮಗಳು ನಾಳೆ ತನ್ನ ಮನೆಯನ್ನೇ ಅನುಮಾನದಿಂದ ನೋಡಿಯಾಳು ಎಂಬ ಅಂಜಿಕೆ ಅವರಿಗಿತ್ತು. ನನ್ನ ಅಭಿಪ್ರಾಯ ಬೇರೆ. ಈ ಕತೆಗಳನ್ನು ಮೊದಲು ಓದಬೇಕಾದವರು ತಂದೆತಾಯಿಯರು. ಅವರ ನಂತರ, ಮದುವೆಗೆ ಮುನ್ನ ವಧೂವರರನ್ನು ವಿಚಾರಿಸುವ ನಮ್ಮಂತಹ ಗುರುಗಳು.

ದೂರ ಹೋಗುವ ಮೊದಲು ನಮ್ಮ ಕನ್ನಡವನ್ನೇ ನೋಡಿ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ನಮ್ಮ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾಗಿದೆ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಇಂದಿರೆಗೆ ಹುಟ್ಟಿದ ಮನೆಯೇ ಅಪಾಯದ ತಾಣವಾಗುತ್ತದೆ. ಭಕ್ತಿಯ ವೇಷ ಹಾಕಿದವರ ಸೇವೆಗೆ ಅವಳನ್ನು ತಳ್ಳಲು ಹೆತ್ತವರೇ ಮುಂದಾಗುತ್ತಾರೆ. ಅವಳು ಆ ಮನೆಯ ಹೊಸ್ತಿಲು ದಾಟಿ ಇನ್ನೊಬ್ಬರ ಆಶ್ರಯಕ್ಕೆ ಹೋಗಿ, ಓದು ಕಲಿತು, ಮರುಮದುವೆಯಾದ ಮೇಲಷ್ಟೇ ಅವಳ ಬಾಳಿಗೆ ಬೆಳಕು. ನಮ್ಮ ಭಾಷೆಯ ಸಾಮಾಜಿಕ ಕಾದಂಬರಿ ಹುಟ್ಟಿದ್ದೇ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು.

ಇನ್ನು ಪಶ್ಚಿಮದ ಕಡೆಗೆ ಬರೋಣ. ಷೇಕ್ಸ್‌ಪಿಯರನ ಜೂಲಿಯೆಟ್ ಎಲ್ಲರಿಗೂ ಗೊತ್ತು. ಆದರೆ ಅವಳ ತಂದೆ ಕ್ಯಾಪುಲೆಟ್‌ನನ್ನು ಗಮನಿಸಿದವರು ಕಡಿಮೆ. ನಾಟಕದ ಆರಂಭದಲ್ಲಿ ಪ್ಯಾರಿಸ್ ಎಂಬ ಶ್ರೀಮಂತ ಯುವಕ ಹೆಣ್ಣು ಕೇಳಲು ಬಂದಾಗ ಆ ತಂದೆ ಎಷ್ಟು ಒಳ್ಳೆಯವನು! ಹುಡುಗಿಗೆ ಇನ್ನೂ ಹದಿನಾಲ್ಕು ತುಂಬಿಲ್ಲ, ಎರಡು ವರ್ಷ ಕಳೆಯಲಿ, ಮೊದಲು ಅವಳ ಮನಸ್ಸನ್ನು ಗೆಲ್ಲು, ಅವಳು ಒಪ್ಪಿದರೆ ಮಾತ್ರ ನನ್ನ ಒಪ್ಪಿಗೆಗೆ ಬೆಲೆ ಎಂಬ ಅರ್ಥದ ಮಾತನ್ನಾಡುತ್ತಾನೆ. ಮೂರನೇ ಅಂಕದಲ್ಲಿ ಅದೇ ತಂದೆ ಗುರುವಾರವೇ ಮದುವೆಯೆಂದು ತೀರ್ಮಾನಿಸಿಬಿಟ್ಟಿದ್ದಾನೆ. ಮಗಳು ಮೊಣಕಾಲೂರಿ ಬೇಡಿದರೂ ಬೈಯುತ್ತಾನೆ, ಬೀದಿಪಾಲು ಮಾಡುತ್ತೇನೆಂದು ಗದರುತ್ತಾನೆ. ತಾಯಿ ಮುಖ ತಿರುಗಿಸಿ ಹೋಗುತ್ತಾಳೆ. ಎತ್ತಿ ಆಡಿಸಿದ ದಾದಿಯೂ ಒಪ್ಪಿಬಿಡು ಎನ್ನುತ್ತಾಳೆ. ಈ ಎರಡು ದೃಶ್ಯಗಳ ನಡುವೆ ಆ ಮನುಷ್ಯ ಬದಲಾಗಲಿಲ್ಲ. ಮಗಳ ಇಷ್ಟ ತನ್ನ ಇಷ್ಟಕ್ಕೆ ಹೊಂದುವಷ್ಟು ದಿನ ಅದಕ್ಕೆ ಮರ್ಯಾದೆ ಕೊಟ್ಟ, ಅಷ್ಟೇ.

ಫ್ರೆಂಚ್ ಲೇಖಕ ಬಾಲ್ಜಾಕ್ 1833ರಲ್ಲಿ ಬರೆದ ‘ಯೂಜೆನಿ ಗ್ರಾಂದೆ’ಯ ತಂದೆಯದು ಇನ್ನೊಂದು ಜಾತಿ. ಸೊಮ್ಯೂರ್ ಪಟ್ಟಣದಲ್ಲಿ ಪೀಪಾಯಿ ಮಾಡುವ ಕಸುಬಿನಿಂದ ಮೇಲೆದ್ದು ದ್ರಾಕ್ಷಿತೋಟ, ಹೊಲ, ಸಾಲಪತ್ರ, ಚಿನ್ನ ಎಲ್ಲವನ್ನೂ ಕೂಡಿಟ್ಟ ಕಡುಲೋಭಿ ಅವನು. ಮಗಳಿಗೆ ಹುಟ್ಟುಹಬ್ಬಕ್ಕೆ ಚಿನ್ನದ ನಾಣ್ಯ ಕೊಡುತ್ತಾನೆ. ಆದರೆ ಅದು ಖರ್ಚಿಗಲ್ಲ, ಕಾಪಾಡುವುದಕ್ಕೆ. ಅನಾಥನಾಗಿ ಬಂದ ಚಿಕ್ಕಪ್ಪನ ಮಗ ಚಾರ್ಲ್ಸನಿಗೆ ಅವಳು ಆ ನಾಣ್ಯಗಳನ್ನೆಲ್ಲ ಕೊಟ್ಟುಬಿಡುತ್ತಾಳೆ. ವಿಷಯ ತಿಳಿದ ತಂದೆ ಅವಳನ್ನು ಕೋಣೆಯಲ್ಲಿ ಕೂಡಿಹಾಕಿ ರೊಟ್ಟಿ-ನೀರಿನ ಶಿಕ್ಷೆ ವಿಧಿಸುತ್ತಾನೆ. ಆ ಸಂಕಟದಲ್ಲೇ ತಾಯಿ ಹಾಸಿಗೆ ಹಿಡಿಯುತ್ತಾಳೆ. ಹೆಂಡತಿ ಸತ್ತರೆ ಅವಳ ಪಾಲಿನ ಆಸ್ತಿ ಮಗಳಿಗೆ ಹೋಗುತ್ತದೆ ಎಂದು ವಕೀಲ ಎಚ್ಚರಿಸಿದ ಮೇಲೆ ತಂದೆಗೆ ತಟ್ಟನೆ ಮಗಳ ಮೇಲೆ ಮಮತೆ ಉಕ್ಕುತ್ತದೆ! ತಾಯಿ ತೀರಿಹೋದೊಡನೆ ಮಗಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಅವನ ಸಾವಿನ ಗಳಿಗೆಯನ್ನು ಓದಿದ ಗುರುಗಳು ಯಾರೂ ಮರೆಯಲಾರರು. ಗುರುಗಳು ಮುತ್ತಿಡಲೆಂದು ತುಟಿಯ ಬಳಿ ಹಿಡಿದ, ಚಿನ್ನದ ಲೇಪವಿದ್ದ ಬೆಳ್ಳಿಯ ಶಿಲುಬೆಯನ್ನು ಕಂಡು ಅವನು ಅದನ್ನು ಕಸಿದುಕೊಳ್ಳಲು ಕೈ ಚಾಚುತ್ತಾನೆ. ಆ ಶ್ರಮಕ್ಕೇ ಪ್ರಾಣ ಹೋಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಅದಲ್ಲ. ತಂದೆ ಸತ್ತು, ಚಾರ್ಲ್ಸ್ ಕೈಕೊಟ್ಟು, ಹೆಸರಿಗೊಂದು ಮದುವೆಯಾಗಿ ವಿಧವೆಯಾದ ಯೂಜೆನಿ ಅಪಾರ ಸಂಪತ್ತಿನ ಒಡತಿ. ಧಾರಾಳವಾಗಿ ದಾನಧರ್ಮ ಮಾಡುತ್ತಾಳೆ. ಆದರೆ ಚಳಿಗಾಲದಲ್ಲಿ ತನ್ನ ಕೋಣೆಯ ಅಗ್ಗಿಷ್ಟಿಕೆಯನ್ನು ಮಾತ್ರ, ಹಿಂದೆ ತಂದೆ ಬೆಂಕಿ ಹಾಕಲು ಅಪ್ಪಣೆ ಕೊಡುತ್ತಿದ್ದ ದಿನಗಳಲ್ಲಷ್ಟೇ ಹೊತ್ತಿಸುತ್ತಾಳೆ. ತಂದೆ ಗೋರಿಯಲ್ಲಿದ್ದಾನೆ, ಅಪ್ಪಣೆ ಮನೆಯಲ್ಲಿದೆ.

ಕ್ಯಾಪುಲೆಟ್, ಗ್ರಾಂದೆ ಇಬ್ಬರನ್ನೂ ಗುರುತಿಸುವುದು ಸುಲಭ. ಕೂಗಾಡುವವನನ್ನೂ ಬೀಗ ಹಾಕುವವನನ್ನೂ ನೆರೆಹೊರೆಯವರೇ ಗುರುತಿಸುತ್ತಾರೆ. ಇಂತಹವರ ಬಗ್ಗೆ ಓದುವಾಗ ನಾವು ಒಳ್ಳೆಯ ತಂದೆತಾಯಿಯರು ನೆಮ್ಮದಿಯಿಂದ ಪುಟ ತಿರುಗಿಸುತ್ತೇವೆ, ಏಕೆಂದರೆ ಅವರು ನಾವಲ್ಲ. ಅಮೆರಿಕದ ಹೆನ್ರಿ ಜೇಮ್ಸ್ 1880ರಲ್ಲಿ ಪ್ರಕಟಿಸಿದ ‘ವಾಷಿಂಗ್ಟನ್ ಸ್ಕ್ವೇರ್’ ಆ ನೆಮ್ಮದಿಯನ್ನು ಕೆಡಿಸುತ್ತದೆ. ನ್ಯೂಯಾರ್ಕಿನ ಡಾಕ್ಟರ್ ಸ್ಲೋಪರ್ ಗೌರವಸ್ಥ, ಬುದ್ಧಿವಂತ, ಕೈಗುಣವಿರುವ ವೈದ್ಯ. ಮಗಳು ಕ್ಯಾಥರೀನ್ ಹುಟ್ಟಿದ ಒಂದೇ ವಾರದಲ್ಲಿ ತಾಯಿ ತೀರಿಕೊಂಡಿದ್ದಾಳೆ. ಹುಡುಗಿ ಸಾಧು, ಸತ್ಯವಂತೆ, ಅಷ್ಟೇನೂ ಚೆಲುವೆಯಲ್ಲ, ಚುರುಕಲ್ಲ. ತಂದೆ ಅವಳನ್ನು ಒಂದು ದಿನವೂ ಹೊಡೆದವನಲ್ಲ. ನಯವಾದ ವ್ಯಂಗ್ಯದಿಂದ ಮಾತಾಡುತ್ತಾನೆ, ಅವಳಿಗೆ ಅರ್ಥವಾಗಲಿಲ್ಲವೆಂದು ನಗುತ್ತಾನೆ. ಅವಳನ್ನು ಮೆಚ್ಚಿ ಮಾರಿಸ್ ಟೌನ್ಸೆಂಡ್ ಎಂಬ ಸುಂದರ ಯುವಕ ಬಂದಾಗ, ಇವನು ನನ್ನ ಹಣಕ್ಕಾಗಿ ಬಂದವನೆಂದು ತಂದೆ ಒಂದೆರಡು ಭೇಟಿಯಲ್ಲೇ ಕಂಡುಹಿಡಿಯುತ್ತಾನೆ.

ಅವನು ಕಂಡುಹಿಡಿದದ್ದು ನಿಜ! ಮಾರಿಸ್ ಬಂದದ್ದು ಹಣಕ್ಕಾಗಿಯೇ. ತಂದೆಯ ಆಸ್ತಿ ಬರುವುದಿಲ್ಲವೆಂದು ಖಚಿತವಾದ ದಿನ ಅವನು ಜಾರಿಕೊಳ್ಳುತ್ತಾನೆ. ಹಾಗಾದರೆ ತಂದೆ ಗೆದ್ದನಲ್ಲವೇ? ಎಷ್ಟೋ ಹಿರಿಯರು ಹೀಗೆಯೇ ಕೇಳುತ್ತಾರೆ: “ಆ ಹುಡುಗ ಸರಿಯಿಲ್ಲ ಅಂತ ನಾನು ಅವತ್ತೇ ಹೇಳಿರಲಿಲ್ಲವೇ ಫಾದರ್?” ಹೇಳಿದ್ದಿರಿ, ನಿಮ್ಮ ಲೆಕ್ಕ ತಪ್ಪಿರಲಿಲ್ಲ. ಆದರೆ ಡಾಕ್ಟರ್ ಸ್ಲೋಪರ್ ಮಗಳನ್ನು ಅಪಾಯದಿಂದ ತಪ್ಪಿಸುವ ನೆಪದಲ್ಲಿ ಅವಳನ್ನು ಒಂದು ಪ್ರಯೋಗದಂತೆ ನೋಡುತ್ತ ಕುಳಿತ. ಎಷ್ಟು ದಿನ ತಡೆಯುತ್ತಾಳೆ ನೋಡೋಣ ಎಂಬ ಕುತೂಹಲ ಅವನಿಗೆ. ಅವಳ ದುಃಖ ಅವನ ಕಣ್ಣಿಗೆ ತನ್ನ ತೀರ್ಮಾನ ಸರಿ ಎಂಬುದಕ್ಕೆ ಸಾಕ್ಷಿ ಮಾತ್ರ. ಯುರೋಪ್ ಪ್ರವಾಸದಲ್ಲಿ ಆಲ್ಪ್ಸ್ ಪರ್ವತದ ನಿರ್ಜನ ಕಣಿವೆಯೊಂದರಲ್ಲಿ ಅವನು ತನ್ನ ಕೋಪವನ್ನು ತೋಡಿಕೊಂಡಾಗ ಸ್ವಂತ ಮಗಳಿಗೇ ಅವನ ಭಯವಾಗುತ್ತದೆ. ಕೊನೆಗೆ ಆ ಪ್ರೇಮಿಯೂ ಹೋದ, ತಂದೆಯ ಮೇಲಿನ ಪ್ರೀತಿಯೂ ಸತ್ತಿತು. ವರ್ಷಗಳ ಮೇಲೆ ಮುದುಕನಾದ ತಂದೆ, ನಾನು ಸತ್ತ ಮೇಲೂ ಮಾರಿಸ್‌ನನ್ನು ಮದುವೆಯಾಗುವುದಿಲ್ಲವೆಂದು ಮಾತು ಕೊಡು ಎನ್ನುತ್ತಾನೆ. ಅವಳಿಗೆ ಮಾರಿಸ್‌ನ ಯೋಚನೆಯೇ ಇಲ್ಲ. ಆದರೂ ಮಾತು ಕೊಡುವುದಿಲ್ಲ. ತಂದೆ ಉಯಿಲಿನಲ್ಲಿ ಅವಳ ಪಾಲನ್ನು ಕಡಿತಗೊಳಿಸಿ ಸಾಯುತ್ತಾನೆ. ನಂತರ ಮಾರಿಸ್ ತಾನಾಗಿಯೇ ಬಂದಾಗ ಅವನನ್ನು ಹಿಂದಕ್ಕೆ ಕಳುಹಿಸುವವಳೂ ಅವಳೇ. ಮಾತು ಕೊಟ್ಟಿದ್ದರೆ ಕಷ್ಟವೇನಿತ್ತು ಎಂದು ಕೇಳಬಹುದು. ತನ್ನ ಮನಸ್ಸೆಂಬ ಒಂದೇ ಒಂದು ಕೋಣೆಯ ಬೀಗದ ಕೈಯನ್ನಾದರೂ ಅವಳು ಇಟ್ಟುಕೊಳ್ಳಬೇಕಾಗಿತ್ತು.

ಮೋಂಜಾದ ಹುಡುಗಿ

ಇಷ್ಟೆಲ್ಲ ಹೇಳಿದ್ದು ಒಬ್ಬ ನಾಯಕಿಯ ಬಳಿಗೆ ಬರುವುದಕ್ಕಾಗಿ. ಅವಳ ಕತೆಯಲ್ಲಿ ತಂದೆ ಕೂಗಾಡುವುದು ಕಡಿಮೆ. ಎಲ್ಲವೂ ನಗುನಗುತ್ತ, ಪ್ರಾರ್ಥನೆಯ ಗಂಟೆಯ ನಾದದಲ್ಲಿ, ಧರ್ಮಸಭೆಯ ನಿಯಮಗಳ ಪ್ರಕಾರವೇ ನಡೆಯುತ್ತದೆ. ಬರೆದವನು ಶ್ರದ್ಧಾವಂತ ಕಥೋಲಿಕ, ಇಟಲಿಯ ಅಲೆಸ್ಸಾಂದ್ರೊ ಮಾಂಜೋನಿ (1785–1873). ಕಾದಂಬರಿ ‘ಇ ಪ್ರೊಮೆಸ್ಸಿ ಸ್ಪೋಸಿ’, ಅಂದರೆ ಮದುವೆ ನಿಶ್ಚಯವಾದ ಜೋಡಿ. 1827ರಲ್ಲಿ ಮೊದಲು ಬಂತು, 1840–42ರಲ್ಲಿ ಪರಿಷ್ಕೃತವಾಯಿತು. ಜಗದ್ಗುರು ಫ್ರಾನ್ಸಿಸ್‌ರವರು 2015ರ ಮೇ 27ರ ಸಾರ್ವಜನಿಕ ಭೇಟಿಯಲ್ಲಿ ಮದುವೆ ನಿಶ್ಚಯವಾದ ಯುವಕ ಯುವತಿಯರಿಗೆ ಇದನ್ನು ಓದಿರೆಂದು ಹೇಳಿದ್ದರು. ಕತೆ ನಡೆಯುವುದು 1628ರ ಸುಮಾರಿಗೆ, ಸ್ಪೇನಿನ ಆಳ್ವಿಕೆಯಲ್ಲಿದ್ದ ಲೊಂಬಾರ್ದಿ ಸೀಮೆಯಲ್ಲಿ. ರೆಂಜೊ ಮತ್ತು ಲೂಸಿಯಾ ಎಂಬ ಬಡವರ ಮದುವೆಗೆ ಆ ಊರಿನ ದುಷ್ಟ ಜಮೀನ್ದಾರ ಅಡ್ಡಬರುತ್ತಾನೆ. ಅವನ ಆಳುಗಳ ಬೆದರಿಕೆಗೆ ನಡುಗಿ ಧರ್ಮಕೇಂದ್ರದ ಗುರು ದೊನ್ ಅಬ್ಬೊಂದಿಯೊ ಮದುವೆ ಮಾಡಿಸಲು ಇಲ್ಲದ ನೆಪ ಹೇಳುತ್ತಾರೆ. (ಧರ್ಮಕೇಂದ್ರದ ಗುರುಗಳಾದ ನಾವೆಲ್ಲ ವರ್ಷಕ್ಕೊಮ್ಮೆಯಾದರೂ ಓದಬೇಕಾದ ಪಾತ್ರ.) ಲೂಸಿಯಾ ತಾಯಿಯೊಡನೆ ಊರು ಬಿಟ್ಟು ಮೋಂಜಾ ಪಟ್ಟಣದ ಕನ್ಯಾಮಠದಲ್ಲಿ ಆಶ್ರಯ ಪಡೆಯುತ್ತಾಳೆ. ಅಲ್ಲಿ ಅವಳನ್ನು ಬರಮಾಡಿಕೊಳ್ಳುವ, ಇನ್ನೂ ಚಿಕ್ಕ ವಯಸ್ಸಿನ, ಏನೋ ಕಳೆದುಕೊಂಡವಳಂತೆ ಕಾಣುವ ಶ್ರೀಮಂತ ಕನ್ಯಾಸ್ತ್ರೀಯೇ ಜೆರ್ತ್ರೂದ್. ಮಾಂಜೋನಿ ಕತೆಯನ್ನು ಅಲ್ಲೇ ನಿಲ್ಲಿಸಿ ಎರಡು ಅಧ್ಯಾಯ ಇವಳ ಬಾಲ್ಯಕ್ಕೆ ಮೀಸಲಿಡುತ್ತಾನೆ.

ಅವಳ ತಂದೆ ಮಿಲಾನಿನ ಬಹುದೊಡ್ಡ ಸಿರಿವಂತ. ಆದರೆ ಮನೆತನದ ಘನತೆಗೆ ಆಸ್ತಿ ಒಂದಿಷ್ಟೂ ಹಂಚಿಹೋಗಬಾರದು ಎಂಬುದು ಅವನ ಲೆಕ್ಕ. ಎಲ್ಲವೂ ಹಿರಿಯ ಮಗನಿಗೆ. ಉಳಿದ ಮಕ್ಕಳೆಲ್ಲ ಮಠಕ್ಕೆ. ಜೆರ್ತ್ರೂದ್ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವಳ ಬದುಕು ತೀರ್ಮಾನವಾಗಿತ್ತು. ಹುಟ್ಟುವುದು ಗಂಡೋ ಹೆಣ್ಣೋ ಎಂಬುದಷ್ಟೇ ತಿಳಿಯಬೇಕಿತ್ತು. ಹುಟ್ಟಿದ ಮೇಲೆ ಮಠದ ನೆನಪು ತರುವ ಸಂತಳ ಹೆಸರಿಟ್ಟರು. ಅವಳ ಕೈಗೆ ಕೊಟ್ಟ ಮೊದಲ ಗೊಂಬೆಗಳು ಕನ್ಯಾಸ್ತ್ರೀಯ ಉಡುಪು ತೊಟ್ಟ ಗೊಂಬೆಗಳು. ಆಮೇಲೆ ಕನ್ಯಾಸ್ತ್ರೀಯರ ಚಿತ್ರಪಟಗಳು. ಅವಳ ಅಂದಚಂದವನ್ನು ಹೊಗಳಬೇಕಾದರೆ ಮಠದ ಮೇಲಧಿಕಾರಿಣಿಯಂತೆ ಕಾಣುತ್ತಾಳೆ ಎನ್ನುತ್ತಿದ್ದರು. ಹಟ ಮಾಡಿದಾಗಲೂ, ಇದೆಲ್ಲ ಮುಂದೆ ಮಠದಲ್ಲಿ ಆಜ್ಞೆ ಮಾಡುವಾಗ ಇಟ್ಟುಕೋ ಎಂಬ ಬುದ್ಧಿವಾದ. ‘ನೀನು ಕನ್ಯಾಸ್ತ್ರೀಯಾಗಬೇಕು’ ಎಂದು ನೇರವಾಗಿ ಯಾರೂ ಹೇಳಲಿಲ್ಲ. ಹೇಳಿದ್ದರೆ ‘ಒಲ್ಲೆ’ ಎನ್ನುವ ಅವಕಾಶವಾದರೂ ಇರುತ್ತಿತ್ತು.

ಆರು ವರ್ಷಕ್ಕೆ ಅವಳನ್ನು ವಿದ್ಯಾಭ್ಯಾಸಕ್ಕೆಂದು ಮೋಂಜಾದ ಮಠಕ್ಕೆ ಸೇರಿಸಿದರು. ಮಠದ ಕೆಲವರಿಗೆ ಈ ದೊಡ್ಡ ಮನೆಯ ಹುಡುಗಿ ತಮ್ಮಲ್ಲೇ ಉಳಿದರೆ ಲಾಭ. ಅವಳಿಗೆ ಪ್ರತ್ಯೇಕ ಉಪಚಾರ, ಸಿಹಿತಿಂಡಿ, ಮುದ್ದು. ಜೊತೆಯ ಹುಡುಗಿಯರು ತಮ್ಮ ಮದುವೆ, ಉಡುಗೆ, ಔತಣಗಳ ಮಾತಾಡಿದಾಗ ಮಾತ್ರ ಅವಳೊಳಗೆ ಏನೋ ಕದಡಿತು. ಕನ್ಯಾಸ್ತ್ರೀಯಾಗಲು ತನ್ನ ಒಪ್ಪಿಗೆ ಬೇಕು, ‘ಇಲ್ಲ’ ಎಂದರೆ ಯಾರೂ ಏನೂ ಮಾಡಲಾರರು ಎಂಬ ಯೋಚನೆ ಹೊಳೆಯಿತು. ಒಮ್ಮೆ ಮಠ ಸೇರುವ ಅರ್ಜಿಗೆ ಸಹಿ ಹಾಕಿದ್ದಳು; ಈಗ ಪಶ್ಚಾತ್ತಾಪಪಟ್ಟು, ತನಗೆ ಮನಸ್ಸಿಲ್ಲವೆಂದು ತಂದೆಗೆ ಕಾಗದ ಬರೆದಳು. ಉತ್ತರ ಬರಲಿಲ್ಲ.

ಅಂತಿಮ ವಿಚಾರಣೆಗೆ ಮೊದಲು ಹುಡುಗಿ ಒಂದು ತಿಂಗಳಾದರೂ ಮಠದ ಹೊರಗೆ ಇರಬೇಕೆಂಬುದು ಅಂದಿನ ನಿಯಮ. ಲೋಕ ಏನೆಂದು ನೋಡಿ ಸ್ವತಂತ್ರವಾಗಿ ಆರಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. ಎಂತಹ ಒಳ್ಳೆಯ ನಿಯಮ! ಆ ಒಂದು ತಿಂಗಳನ್ನು ತಂದೆ ಏನು ಮಾಡಿದ ನೋಡಿ. ಹೊಡೆಯಲಿಲ್ಲ, ಬೈಯಲಿಲ್ಲ. ಮನೆಯಲ್ಲಿ ಯಾರೂ ಅವಳೊಡನೆ ಮನಸ್ಸಿಟ್ಟು ಮಾತಾಡಲಿಲ್ಲ. ಅವಳು ತಪ್ಪಿತಸ್ಥೆಯಂತೆ, ಅವಳ ಇರವೇ ಮನೆಗೆ ಭಾರವೆಂಬಂತೆ ಎಲ್ಲರ ಮುಖ. ಪ್ರೀತಿಯನ್ನು ಬೇಡಿದರೆ ಸಿಗುವುದು ಒಂದೇ ದಾರಿಯಲ್ಲಿ ಎಂಬ ಸೂಚನೆ. ಆ ಚಳಿಯಲ್ಲಿ ಅವಳಿಗೆ ಸ್ವಲ್ಪ ಮಮತೆ ತೋರಿದವನು ಮನೆಯ ಕೆಲಸದ ಹುಡುಗನೊಬ್ಬ. ಅವನಿಗೆ ಅವಳು ಒಂದು ಚೀಟಿ ಬರೆದಳು. ಅದು ಸೇವಕಿಯ ಕೈಗೆ, ಅಲ್ಲಿಂದ ತಂದೆಯ ಕೈಗೆ ಹೋಯಿತು. ಹುಡುಗನನ್ನು ಓಡಿಸಿದರು, ಇವಳನ್ನು ಅದೇ ಸೇವಕಿಯ ಕಾವಲಿನಲ್ಲಿ ಕೋಣೆಯಲ್ಲಿಟ್ಟರು. ನಾಲ್ಕೈದು ದಿನಗಳಲ್ಲಿ ಅವಳು ಸೋತು ತಂದೆಗೆ ಕ್ಷಮೆ ಕೇಳಿ ಬರೆದಳು.

ಮುಂದಿನ ದೃಶ್ಯಕ್ಕಿಂತ ಹೆಚ್ಚು ಭಯಾನಕವಾದುದನ್ನು ನಾನು ಯಾವ ಕಾದಂಬರಿಯಲ್ಲೂ ಓದಿಲ್ಲ. ಅದರಲ್ಲಿ ಇರುವುದೆಲ್ಲ ಕ್ಷಮೆ. ತಂದೆ ಅವಳನ್ನು ಕರೆಸಿ, ಅವಳ ತಪ್ಪು ಎಷ್ಟು ದೊಡ್ಡದೆಂದು ತಿಳಿಸಿ, ಇನ್ನು ನಿನ್ನನ್ನು ಒಬ್ಬ ಗೌರವಸ್ಥನಿಗೆ ಹೇಗೆ ಕೊಡಲಿ ಎಂದು ನೋವಿನ ಮುಖ ಮಾಡುತ್ತಾನೆ. ಅವಳು ಕುಗ್ಗಿಹೋದದ್ದನ್ನು ಕಂಡು ದನಿ ಮೃದುವಾಗಿಸಿ, ಇದಕ್ಕೂ ಪರಿಹಾರವಿದೆ ಎಂಬ ಸುಳಿವು ಕೊಡುತ್ತಾನೆ. ಅವಳ ಬಾಯಿಂದ ‘ಹೌದು’ ಎಂಬ ಒಂದು ಮಾತು ಹೊರಡುತ್ತದೆ. ಕ್ಷಮಿಸಿ ಎಂಬುದಕ್ಕೆ ಹೌದೋ, ಮಠಕ್ಕೆ ಹೌದೋ ಅವಳಿಗೇ ತಿಳಿಯದು. ತಂದೆಗೆ ಅಷ್ಟು ಸಾಕು. ತಕ್ಷಣ ತಾಯಿಯನ್ನೂ ಅಣ್ಣನನ್ನೂ ಕರೆಯುತ್ತಾನೆ. ಎಲ್ಲರೂ ತಬ್ಬಿಕೊಳ್ಳುತ್ತಾರೆ. ಮದುಮಗಳೆಂದು ಕರೆಯುತ್ತಾರೆ. ಆ ಕಾಲದಲ್ಲಿ ದೊಡ್ಡವರ ಸಾಲಿಗೆ ಸೇರಿದವರಿಗೆ ಕೊಡುತ್ತಿದ್ದ ಚಾಕೊಲೇಟ್ ಪಾನೀಯದ ಬಟ್ಟಲು ಬರುತ್ತದೆ. ಮರುದಿನವೇ ಬಂಡಿ ಕಟ್ಟಿ ಮೋಂಜಾಕ್ಕೆ ಪಯಣ. ಒಂದೊಂದು ಹೆಜ್ಜೆಯಲ್ಲೂ ಹಿಂದಕ್ಕೆ ಹೋಗುವುದು ಇನ್ನಷ್ಟು ಕಷ್ಟ, ಇನ್ನಷ್ಟು ನಾಚಿಕೆ.

ಕೊನೆಗೆ ವಿಚಾರಣೆಗೆಂದು ಗುರುಗಳು ಬರುತ್ತಾರೆ. ಅವರು ಕೆಟ್ಟವರಲ್ಲ. ಹುಡುಗಿಗೆ ದೈವಕರೆಯಿದೆ ಎಂದು ಅವಳ ತಂದೆಯಿಂದಲೇ ಕೇಳಿ ನಂಬಿದ್ದರೂ, ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಸರಿಯಾಗಿ ಕೇಳುತ್ತಾರೆ. ನಿನ್ನನ್ನು ಯಾರಾದರೂ ಬೆದರಿಸಿದರೇ? ಆಸೆ ತೋರಿಸಿದರೇ? ಕಾರಣವೇನು? ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಅವಳಿಗೆ ಇನ್ನು ಸಿಗದು. ಆದರೆ ನಿಜ ಹೇಳಿದರೆ ಆ ಚೀಟಿಯ ಕತೆ ಹೇಳಬೇಕು. ತಂದೆಯ ಮುಖ ನೋಡಬೇಕು. ಅವಳು ಎಲ್ಲಕ್ಕೂ ಬೇಕಾದ ಉತ್ತರವನ್ನೇ ಕೊಡುತ್ತಾಳೆ. ಗುರುಗಳು ತೃಪ್ತರಾಗಿ ಹೊರಡುತ್ತಾರೆ. ಹೊರಗೆ ತವಕದಿಂದ ಕಾಯುತ್ತಿದ್ದ ತಂದೆ ಫಲಿತಾಂಶ ಕೇಳಿ ಓಡಿಬಂದು ಮಗಳನ್ನು ಮುದ್ದಿಸುತ್ತಾನೆ. ಆ ಮುದ್ದು ಬಹುಮಟ್ಟಿಗೆ ನಿಜವಾದದ್ದೇ ಎಂದು ಮಾಂಜೋನಿ ಸೂಚಿಸುತ್ತಾನೆ. ಮನುಷ್ಯನ ಹೃದಯವನ್ನು ಬಲ್ಲ ಲೇಖಕ.

ಮಠದಲ್ಲಿ ಅವಳ ಬಾಳು ಏನಾಯಿತೆಂಬುದು ದುಃಖದ ಕತೆ: ಪಕ್ಕದ ಮನೆಯ ದುರುಳನೊಬ್ಬನ ಸಂಗ, ಅದನ್ನು ತಿಳಿದ ಸೇವಾಭಗಿನಿಯೊಬ್ಬಳ ಕೊಲೆ. ಇದು ಕಲ್ಪನೆ ಮಾತ್ರವಲ್ಲ. 1575ರಲ್ಲಿ ಮಿಲಾನಿನಲ್ಲಿ ಹುಟ್ಟಿದ ಮರಿಯಾನ್ನಾ ದೆ ಲೇವಾ ಎಂಬಾಕೆ ಶಿಶುವಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡು, 1591ರಲ್ಲಿ ಮೋಂಜಾದ ಸಂತ ಮಾರ್ಗರಿತಾ ಮಠದಲ್ಲಿ ವ್ರತ ತೊಟ್ಟಳು. 1606ರಲ್ಲಿ ಅಲ್ಲಿ ಕೊಲೆ ನಡೆಯಿತು. 1608ರಲ್ಲಿ ಧರ್ಮಸಭೆಯ ನ್ಯಾಯಾಲಯ ಅವಳನ್ನು ಗೋಡೆ ಕಟ್ಟಿ ಮುಚ್ಚಿದ ಕೋಣೆಯಲ್ಲಿ ಇಡಲು ತೀರ್ಪು ನೀಡಿತು. ಸುಮಾರು ಹದಿನಾಲ್ಕು ವರ್ಷಗಳ ನಂತರ, 1622ರಲ್ಲಿ ಹೊರತಂದರು. ಉಳಿದ ಬಾಳನ್ನು ಪಶ್ಚಾತ್ತಾಪದಲ್ಲಿ ಕಳೆದು 1650ರಲ್ಲಿ ತೀರಿಕೊಂಡಳು. ಅವಳ ತಪ್ಪಿಗೆ ಶಿಕ್ಷೆಯಾಯಿತು.

ಧರ್ಮಸಭೆ ಹೇಳಿದ್ದೇನು?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಂದಿನ ಧರ್ಮಸಭೆ ಇದಕ್ಕೆ ಕಣ್ಣು ಮುಚ್ಚಿತ್ತೇ? ಇಲ್ಲ. ಮರಿಯಾನ್ನಾ ಹುಟ್ಟುವ ಹನ್ನೆರಡು ವರ್ಷ ಮೊದಲೇ, 1563ರ ಡಿಸೆಂಬರಿನಲ್ಲಿ, ಟ್ರೆಂಟ್ ಮಹಾಸಭೆ ತನ್ನ ಇಪ್ಪತ್ತೈದನೆಯ ಅಧಿವೇಶನದಲ್ಲಿ ಹೆಣ್ಣನ್ನು ಬಲವಂತದಿಂದ ಮಠಕ್ಕೆ ತಳ್ಳುವವರನ್ನು ಬಹಿಷ್ಕಾರಕ್ಕೆ ಗುರಿಮಾಡಿತ್ತು. ಹುಡುಗಿಯನ್ನು ಧರ್ಮಾಧ್ಯಕ್ಷರು ಅಥವಾ ಅವರ ಪ್ರತಿನಿಧಿ ವಿಚಾರಿಸಲೇಬೇಕೆಂದು ವಿಧಿಸಿದ್ದೂ ಅದೇ. ಒಂದು ತಿಂಗಳ ಹಿಂದೆ, ನವೆಂಬರಿನಲ್ಲಿ, ಮದುವೆಯ ವಿಷಯದಲ್ಲಿ ಇನ್ನೂ ಧೈರ್ಯದ ಮಾತು ಹೇಳಿತ್ತು: ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಕ್ಕಳು ಆದ ಮದುವೆ ಆ ಕಾರಣಕ್ಕೇ ಅಸಿಂಧು ಎನ್ನುವವರನ್ನು ಖಂಡಿಸಿತ್ತು. ಗುಟ್ಟಿನ ಮದುವೆಗಳನ್ನು ಅದು ಮೆಚ್ಚಲಿಲ್ಲ, ಗುರು ಮತ್ತು ಸಾಕ್ಷಿಗಳ ಎದುರಿನಲ್ಲೇ ಆಗಬೇಕೆಂದಿತು. ಆದರೂ ಸಂಸ್ಕಾರವನ್ನು ಮಾಡುವುದು ವಧೂವರರ ಒಪ್ಪಿಗೆಯೇ ಹೊರತು ಹೆತ್ತವರದಲ್ಲ ಎಂಬ ತತ್ತ್ವವನ್ನು ಬಿಟ್ಟುಕೊಡಲಿಲ್ಲ. ಅದಕ್ಕೂ ಮೂರು ಶತಮಾನ ಹಿಂದೆ ಸಂತ ತೋಮಸ್ ಅಕ್ವಿನಾಸರು, ಮದುವೆಯಾಗುವುದೋ ಕನ್ಯಾವ್ರತದಲ್ಲಿ ಇರುವುದೋ ಎಂಬ ವಿಷಯದಲ್ಲಿ ಮಕ್ಕಳು ಹೆತ್ತವರಿಗೆ ವಿಧೇಯರಾಗಬೇಕಿಲ್ಲ ಎಂದು ಬರೆದಿದ್ದರು. ಅವರಿಗೆ ಇದು ಪುಸ್ತಕದ ವಿಷಯ ಮಾತ್ರವಾಗಿರಲಿಲ್ಲ. 1244ರಲ್ಲಿ ಅವರು ದೊಮಿನಿಕನ್ ಸಭೆ ಸೇರಿದ್ದಕ್ಕೆ ಅವರ ಮನೆಯವರೇ ದಾರಿಯಲ್ಲಿ ಹಿಡಿದು ತಂದು ಸುಮಾರು ಒಂದು ವರ್ಷ ಕೂಡಿಹಾಕಿದ್ದರು.

ಇಂದಿನ ಕಾನೂನು ಸಂಹಿತೆ 1983ರದು. ಅದರ 219ನೆಯ ವಿಧಿ, ಜೀವನಾಂತಸ್ತನ್ನು ಆರಿಸಿಕೊಳ್ಳುವಾಗ ಯಾವ ಬಲವಂತಕ್ಕೂ ಒಳಗಾಗದಿರುವ ಹಕ್ಕನ್ನು ಪ್ರತಿಯೊಬ್ಬ ಕ್ರೈಸ್ತನಿಗೂ ಕೊಡುತ್ತದೆ. 1057ನೆಯ ವಿಧಿಯ ಪ್ರಕಾರ ವಧೂವರರ ಒಪ್ಪಿಗೆಯ ಜಾಗವನ್ನು ಯಾವ ಮಾನವ ಅಧಿಕಾರವೂ ತುಂಬಲಾರದು. 1103ನೆಯದು ಬಲಾತ್ಕಾರದಿಂದ ಅಥವಾ ಹೊರಗಿನಿಂದ ಬಂದ ಗಂಭೀರ ಭಯದಿಂದ ಆದ ಮದುವೆ ಮದುವೆಯೇ ಅಲ್ಲ ಎನ್ನುತ್ತದೆ; ಆ ಭಯವನ್ನು ಹುಟ್ಟಿಸುವ ಉದ್ದೇಶ ಯಾರಿಗೂ ಇರದಿದ್ದರೂ ಸರಿ. ನಮ್ಮ ಧಾರ್ಮಿಕ ನ್ಯಾಯಾಲಯಗಳು ಇದರಲ್ಲಿ ‘ಗೌರವದ ಭಯ’ ಎಂಬ ಒಂದು ಬಗೆಯನ್ನೂ ಗುರುತಿಸುತ್ತವೆ. ಅಪ್ಪನಿಗೆ ಬೇಸರವಾದೀತು ಎಂಬ ಸಾಮಾನ್ಯ ಅಳುಕು ಸಾಲದು. ಆದರೆ ಅದರ ಜೊತೆಗೆ ದಿನದಿನದ ಒತ್ತಾಯ, ಮುನಿಸು, ಊಟ ಬಿಡುವುದು, ಮಾತು ಬಿಡುವುದು, ಸಾಯುತ್ತೇನೆಂಬ ಬೆದರಿಕೆ ಸೇರಿಕೊಂಡು ಮಗಳಿಗೆ ಬೇರೆ ದಾರಿಯೇ ಕಾಣದಂತಾದರೆ, ಆ ಭಯವನ್ನು ಗಂಭೀರವೆಂದೇ ಎಣಿಸಲಾಗುತ್ತದೆ.

ಪ್ರಿಯ ಓದುಗರೇ, ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಜೆರ್ತ್ರೂದಳ ವಿಷಯದಲ್ಲಿ ಎಲ್ಲಿ ಸೋತಿತು? ಪ್ರಶ್ನೆಯನ್ನು ಕೇಳಲಾಯಿತು, ಉತ್ತರವನ್ನು ಬರೆದುಕೊಳ್ಳಲಾಯಿತು. ಆದರೆ ಆ ಉತ್ತರ ಎಷ್ಟೋ ವರ್ಷ ಮೊದಲೇ, ಗೊಂಬೆಗಳ ಕಾಲದಲ್ಲೇ, ಬೇರೊಬ್ಬರಿಂದ ಸಿದ್ಧವಾಗಿತ್ತು. ಮದುವೆ ಪ್ರಕಟಣೆಗೆ ಮೊದಲು ನಾವು ಗುರುಗಳು ವಧುವನ್ನು ಕೂರಿಸಿ, ನಿನ್ನ ಸ್ವಂತ ಇಚ್ಛೆಯಿಂದ ಒಪ್ಪಿದ್ದೀಯಾ ಎಂದು ಕೇಳುತ್ತೇವೆ. ಎಷ್ಟೋ ಸಲ ತಂದೆ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾರೆ, ಛತ್ರಕ್ಕೆ ಮುಂಗಡ ಕೊಟ್ಟಾಗಿದೆ, ಸೀರೆ ತಂದಾಗಿದೆ, ಕರೆಯೋಲೆ ಅಚ್ಚಿಗೆ ಹೋಗಿದೆ. ಆ ಸ್ಥಿತಿಯಲ್ಲಿ ‘ಹೌದು ಫಾದರ್’ ಎಂಬುದಕ್ಕೆ ಎಷ್ಟು ತೂಕ? ನಾನು ಈಗ ಈ ವಿಚಾರಣೆಯನ್ನು ಮುಂಗಡ ಕೊಡುವ ಮೊದಲೇ ಇಟ್ಟುಕೊಳ್ಳಿರೆಂದು ಪೂಜೆಯ ನಂತರ ಹೇಳುತ್ತಿರುತ್ತೇನೆ. ಇಬ್ಬರನ್ನೂ ಬೇರೆ ಬೇರೆ ದಿನ ಕರೆಯುತ್ತೇನೆ. ‘ಒಪ್ಪಿಗೆಯೇ?’ ಎಂದು ಕೇಳುವ ಬದಲು ‘ನೀನು ಬೇಡವೆಂದಿದ್ದರೆ ಮನೆಯಲ್ಲಿ ಏನಾಗುತ್ತಿತ್ತು?’ ಎಂದು ಕೇಳುತ್ತೇನೆ. ಈ ಎರಡನೆಯ ಪ್ರಶ್ನೆಗೆ ಬರುವ ಮೌನದಿಂದ ಬಹಳ ತಿಳಿಯುತ್ತದೆ.

ಒಂದು ಮಗುವನ್ನು ದೇವರಿಗೆ ಕೊಡುತ್ತೇವೆಂದು ಹರಕೆ ಹೊರುವ ಮನೆಗಳು ಈಗ ಕಡಿಮೆಯಾಗಿವೆ. ಆ ಜಾಗಕ್ಕೆ ಬೇರೆ ಹರಕೆಗಳು ಬಂದಿವೆ. ನರ್ಸಾಗಿ ಹೊರದೇಶಕ್ಕೆ ಹೋಗು, ತಮ್ಮನ ಓದು ಮುಗಿಯಲಿ, ಮನೆಗೆ ತಾರಸಿ ಬೀಳಲಿ, ಆಮೇಲೆ ನಿನ್ನ ಮದುವೆ ಎನ್ನುತ್ತ ಮಗಳ ಮೂವತ್ತೈದು ದಾಟಿಸುವವರಿದ್ದಾರೆ. ಮಠಕ್ಕೆ ಹೋಗುತ್ತೇನೆಂದ ಮಗಳನ್ನು ಅಳುತ್ತಳುತ್ತ ತಡೆಯುವ ತಾಯಂದಿರೂ ಇದ್ದಾರೆ. ದಿಕ್ಕು ಬೇರೆ, ಲೆಕ್ಕ ಒಂದೇ. ನಾಲ್ಕನೆಯ ಆಜ್ಞೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಮಕ್ಕಳು ಎದೆಗುಂದುವಂತೆ ಅವರನ್ನು ಕೆಣಕಬೇಡಿ ಎಂದು ಸಂತ ಪೌಲರು ತಂದೆಯಂದಿರಿಗೆ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಹೇಳಿದ್ದನ್ನು ಯಾವ ಮನೆಯ ಗೋಡೆಯ ಮೇಲೂ ನಾನು ಕಂಡಿಲ್ಲ. ನಜರೇತಿನ ಕನ್ಯೆಯ ಬಳಿಗೆ ದೂತನನ್ನು ಕಳುಹಿಸಿದ ದೇವರೇ ಅವಳ ಪ್ರಶ್ನೆಗೆ ಉತ್ತರ ಕೊಟ್ಟು, ಅವಳು ಒಪ್ಪುವವರೆಗೆ ಕಾದರು ಎಂಬುದನ್ನು ದಿನಕ್ಕೆ ಮೂರು ಸಲ ತ್ರಿಕಾಲ ಪ್ರಾರ್ಥನೆಯಲ್ಲಿ ನೆನೆಯುತ್ತೇವೆ.

ಇದಕ್ಕೆ ಎದುರಾದ ಒಂದು ಮನೆಯನ್ನು ನಮ್ಮ ಅನೇಕ ಓದುಗರು ಬಲ್ಲರು. ಬಾಲಯೇಸುವಿನ ಸಂತ ತೆರೇಸಮ್ಮನವರ ಆತ್ಮಕಥೆ, 1898ರಲ್ಲಿ ಮೊದಲು ಅಚ್ಚಾದದ್ದು, ಎಷ್ಟೋ ಮನೆಗಳಲ್ಲಿದೆ. 1887ರ ಪವಿತ್ರಾತ್ಮರ ಹಬ್ಬದ ದಿನ ಹದಿನಾಲ್ಕರ ತೆರೇಸಾ ಲಿಸ್ಯೂ ಪಟ್ಟಣದ ಮನೆಯ ತೋಟದಲ್ಲಿ ತಂದೆಯ ಬಳಿ ಬಂದು ಕಾರ್ಮೆಲ್ ಮಠ ಸೇರುವ ಆಸೆ ಹೇಳಿದಳು. ವಿಧುರ ಲೂಯಿ ಮಾರ್ತಿನ್ ಅದಾಗಲೇ ಇಬ್ಬರು ಹೆಣ್ಣುಮಕ್ಕಳನ್ನು ಅದೇ 			ಮಠಕ್ಕೆ ಕಳುಹಿಸಿದ್ದರು. ಇವಳು ಕೊನೆಯವಳು, ಮುದ್ದಿನವಳು. ಅವರು ಅತ್ತರು, ಇನ್ನೂ ಚಿಕ್ಕವಳಲ್ಲವೇ ಎಂದರು, ನಂತರ ಒಪ್ಪಿ ಗೋಡೆಯ ಬಳಿಯಿಂದ ಪುಟ್ಟ ಬಿಳಿ ಹೂವೊಂದನ್ನು ಕಿತ್ತು ಅವಳ ಕೈಗಿತ್ತರು. ಈ ಪ್ರಸಂಗ ಎಲ್ಲರಿಗೂ ಗೊತ್ತು. ಆದರೆ ಅದೇ ಮನೆಯ ಇನ್ನೊಬ್ಬ ಮಗಳು ಲಿಯೋನಿಯ ಕತೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಕಷ್ಟದ ಸ್ವಭಾವದ ಹುಡುಗಿ. 1886ರಲ್ಲಿ ಒಂದು ಮಠ ಸೇರಿ ಎರಡೇ ತಿಂಗಳಲ್ಲಿ ಮನೆಗೆ ಬಂದಳು. 1887ರಲ್ಲಿ ಕಾಂ ಪಟ್ಟಣದ ಇನ್ನೊಂದು ಮಠ ಸೇರಿ 1888ರ ಜನವರಿಯಲ್ಲಿ ಮತ್ತೆ ತಂದೆಯ ಮನೆಗೇ ಬಂದಳು. ಜೆರ್ತ್ರೂದಳ ಕಾಲದಂತೆ ಇಲ್ಲಿಯೂ ಊರ ಜನರ ಬಾಯಿ ಇತ್ತು. ಹಿಂದಿರುಗಿದ ಮಗಳಿಗೆ ಬಾಗಿಲೂ ಇತ್ತು. ತಂದೆ 1894ರಲ್ಲಿ ತೀರಿಕೊಂಡರು. 1893ರಿಂದ 1895ರವರೆಗೆ ಲಿಯೋನಿ ಮೂರನೆಯ ಸಲ ಪ್ರಯತ್ನಿಸಿ ಮತ್ತೆ ಹೊರಬಂದಳು. 1899ರ ಜನವರಿಯಲ್ಲಿ, ಯಾರೂ ಕಳುಹಿಸದೆ, ನಾಲ್ಕನೆಯ ಸಲ ಅದೇ ಕಾಂ ಮಠದ ಬಾಗಿಲು ತಟ್ಟಿದಳು. ಅಲ್ಲಿಯೇ ಉಳಿದು 1941ರಲ್ಲಿ ಕಣ್ಣುಮುಚ್ಚಿದಳು.